ಟಾಲ್‌ಸ್ಟಾಯ್‌ನ ಜೀವನದರ್ಶನ ಮತ್ತು ವಿಜಯಪುರ ಸೀಮೆಯ ಅನುಭಾವ ಪರಂಪರೆ

ರಷ್ಯದ ಕಾದಂಬರಿಕಾರ ಲೆವ್ ನಿಕೊಲಾಯೆವಿಚ್ ಟಾಲ್‌ಸ್ಟಾಯ್ (1828–1910) ತನ್ನ ಬಾಳಿನ ಕೊನೆಯ ಮೂರು ದಶಕಗಳಲ್ಲಿ ಪ್ರೀತಿ, ಶ್ರದ್ಧೆ, ಬದುಕಿನ ಅರ್ಥ ಎಂಬ ಮೂರು ವಿಷಯಗಳನ್ನು ಹಿಡಿದು ಎಡೆಬಿಡದೆ ಚಿಂತಿಸಿದ. ವಿಜಯಪುರ ನಗರ ಮತ್ತು ಅದರ ಸುತ್ತಣ ತಿಕೋಟಾ, ಬಬಲೇಶ್ವರ ತಾಲೂಕುಗಳ ನೆಲದಲ್ಲಿ ಇದೇ ವಿಷಯಗಳನ್ನು ದಾಸರು, ಸೂಫಿಗಳು, ವಚನಗಳ ಸಂಪಾದಕರು ಮತ್ತು ಪ್ರವಚನಕಾರರು ನಾಲ್ಕು ಶತಮಾನಗಳಿಂದ ಬೇರೆಬೇರೆ ಬಗೆಯಲ್ಲಿ ಎತ್ತಿಕೊಂಡಿದ್ದಾರೆ. ಟಾಲ್‌ಸ್ಟಾಯ್ ಈ ಸೀಮೆಯನ್ನು ಕಂಡವನಲ್ಲ, ಇಲ್ಲಿನ ಅನುಭಾವಿಗಳು ಅವನನ್ನು ಓದಿ ರೂಪುಗೊಂಡವರೂ ಅಲ್ಲ. ಆದ್ದರಿಂದ ಈ ಲೇಖನದ ವಸ್ತು ಪ್ರಭಾವದ ಚರಿತ್ರೆಯಲ್ಲ, ಒಂದೇ ತೊಡಕನ್ನು ಎದುರಿಸಿದ ಎರಡು ಪರಂಪರೆಗಳ ತುಲನೆ. ಅನುಭಾವ ಎಂಬುದನ್ನು ಇಲ್ಲಿ, ಶಾಸ್ತ್ರವಾಕ್ಯದಿಂದಲ್ಲದೆ ಸ್ವಂತ ಬಾಳಿನಲ್ಲಿ ಪಡೆದ ಪರತತ್ತ್ವದ ಅರಿವು ಎಂಬ ಅರ್ಥದಲ್ಲಿ ಬಳಸಲಾಗಿದೆ.

ಬಿಕ್ಕಟ್ಟು ಮತ್ತು ಬಾವಿಯ ಕಥೆ

ತುಲಾ ಪ್ರಾಂತದ ಯಾಸ್ನಾಯಾ ಪೊಲ್ಯಾನಾ ಎಂಬ ಜಹಗೀರಿನಲ್ಲಿ ಹುಟ್ಟಿದ ಟಾಲ್‌ಸ್ಟಾಯ್ ‘ಯುದ್ಧ ಮತ್ತು ಶಾಂತಿ’ (1865–69), ‘ಅನ್ನಾ ಕರೆನಿನಾ’ (1875–77) ಕಾದಂಬರಿಗಳಿಂದ ಕೀರ್ತಿಯ ತುದಿ ಮುಟ್ಟಿದ್ದ ಹೊತ್ತಿಗೆ, ಆಸ್ತಿ, ಆರೋಗ್ಯ, ಮಡದಿ ಮಕ್ಕಳು ಯಾವುದಕ್ಕೂ ಕೊರತೆಯಿಲ್ಲದಿದ್ದರೂ ಬದುಕುವುದೇಕೆ ಎಂಬ ಪ್ರಶ್ನೆ ಅವನನ್ನು ಅಕ್ಷರಶಃ ಸಾವಿನ ಅಂಚಿಗೆ ತಂದು ನಿಲ್ಲಿಸಿತು. ಈ ಅವಸ್ಥೆಯನ್ನು ಅವನು 1879ರ ಸುಮಾರಿಗೆ ಬರೆಯತೊಡಗಿದ ‘ಆತ್ಮನಿವೇದನೆ’ ಎಂಬ ಕಿರುಹೊತ್ತಗೆಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ಸಮಾರಾ ಪ್ರಾಂತದಲ್ಲಿ ಆರು ಸಾವಿರ ದೆಸ್ಯಾತಿನ್ (ಒಂದು ದೆಸ್ಯಾತಿನ್ ಎಂದರೆ ಸುಮಾರು ಎರಡೂ ಮುಕ್ಕಾಲು ಎಕರೆ) ಭೂಮಿ, ಮುನ್ನೂರು ಕುದುರೆಗಳು ತನ್ನದಾದರೂ ಆಮೇಲೇನು ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ತಾನು ರಾತ್ರಿ ಒಬ್ಬನೇ ಬಟ್ಟೆ ಕಳಚುವ ಕೋಣೆಯಲ್ಲಿ ನೇಣು ಹಾಕಿಕೊಂಡೇನೆಂಬ ಭಯದಿಂದ ಹಗ್ಗವನ್ನು ಬಚ್ಚಿಟ್ಟ, ಬೇಟೆಗೆ ಬಂದೂಕು ಒಯ್ಯುವುದನ್ನು ಬಿಟ್ಟ. 1882ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಗುತ್ತಿದ್ದ ಈ ಬರಹವನ್ನು ಧಾರ್ಮಿಕ ಸೆನ್ಸಾರ್ ಅಧಿಕಾರಿಗಳು ತಡೆದದ್ದರಿಂದ ಅದು ಎರಡು ವರ್ಷಗಳ ಬಳಿಕ ಜಿನೀವಾದಲ್ಲಿ ಪ್ರಕಟವಾಗಬೇಕಾಯಿತು.

ಈ ಕೃತಿಯ ನಡುವೆ ಬರುವ ದೃಷ್ಟಾಂತವೊಂದು ಭಾರತೀಯ ಓದುಗರಿಗೆ ಪರಿಚಿತವಾದದ್ದು. ಬಯಲಿನಲ್ಲಿ ಕ್ರೂರಮೃಗಕ್ಕೆ ಹೆದರಿ ಪಾಳುಬಾವಿಗೆ ಇಳಿದ ದಾರಿಹೋಕನೊಬ್ಬ, ತಳದಲ್ಲಿ ಬಾಯ್ದೆರೆದ ಘಟಸರ್ಪವನ್ನು ಕಂಡು, ಬಾವಿಯ ಬಿರುಕಿನಲ್ಲಿ ಬೆಳೆದ ಗಿಡದ ಕೊಂಬೆಗೆ ಜೋತುಬೀಳುತ್ತಾನೆ. ಆ ಗಿಡದ ಬುಡವನ್ನು ಕಪ್ಪು ಇಲಿ ಒಂದು, ಬಿಳಿ ಇಲಿ ಒಂದು ಕಡಿಯುತ್ತಿವೆ. ಹಾಗಿದ್ದೂ ಎಲೆಯ ಮೇಲಿನ ಜೇನಹನಿಯನ್ನು ಅವನು ನಾಲಿಗೆ ಚಾಚಿ ನೆಕ್ಕುತ್ತಾನೆ. ಟಾಲ್‌ಸ್ಟಾಯ್ ಇದನ್ನು ಪೂರ್ವದೇಶದ ಹಳೆಯ ಕಥೆ ಎಂದಷ್ಟೇ ಕರೆದಿದ್ದಾನೆ. ಇದರ ಮೂಲರೂಪವೊಂದು ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ಕಥೆಯಾಗಿದ್ದು, ಅಲ್ಲಿ ಆರು ಮುಖ, ಹನ್ನೆರಡು ಕಾಲುಗಳ ಆನೆಯು ಋತುಗಳನ್ನೂ ತಿಂಗಳುಗಳನ್ನೂ ಒಳಗೊಂಡ ಸಂವತ್ಸರವಾಗಿಯೂ, ಇಲಿಗಳು ಹಗಲಿರುಳುಗಳಾಗಿಯೂ, ತಳದ ಸರ್ಪ ಕಾಲವಾಗಿಯೂ ವಿವರಿಸಲ್ಪಟ್ಟಿವೆ. ಜೈನರಲ್ಲಿ ‘ಮಧುಬಿಂದು’ ದೃಷ್ಟಾಂತವೆಂದು ಹೆಸರಾದ ಇದನ್ನು ಹರಿಭದ್ರ, ಹೇಮಚಂದ್ರ ಮೊದಲಾದವರು ಬಳಸಿದ್ದಾರೆ. ಪಶ್ಚಿಮಕ್ಕೆ ಇದು ಹೋದದ್ದು ಬುದ್ಧನ ಜೀವನಚರಿತ್ರೆಯೇ ವೇಷ ಬದಲಿಸಿ ಕ್ರೈಸ್ತ ಸಂತರ ಕಥೆಯಾದ ‘ಬರ್ಲಾಮ್ ಮತ್ತು ಜೋಸಫಾತ್’ನ ಮೂಲಕ. ಕುಮಾರವ್ಯಾಸ ತನ್ನ ಭಾರತವನ್ನು ಗದಾಪರ್ವದೊಂದಿಗೆ ಮುಗಿಸಿದ್ದರಿಂದ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ನಡೆದ ಗದುಗಿನ ಭಾರತದ ವಾಚನದಲ್ಲಿ ವಿದುರನ ಈ ಮಾತು ಕೇಳಿಬರುವ ಅವಕಾಶವಿರಲಿಲ್ಲ ಎಂಬುದು ಸ್ವಾರಸ್ಯಕರ.

ಟಾಲ್‌ಸ್ಟಾಯ್ ಈ ಬಾವಿಯಿಂದ ಪಾರಾದದ್ದು ತರ್ಕದ ಬಲದಿಂದಲ್ಲ. ಸಾಕ್ರೆಟಿಸ್, ಶೋಪೆನ್‌ಹಾವರ್, ಸೊಲೊಮನ್, ಬುದ್ಧ ಎಲ್ಲರೂ ಬದುಕು ಕೇಡೆಂದೇ ತೀರ್ಮಾನಿಸಿದರೆಂದು ಅವನಿಗೆ ತೋರಿತು. ತನ್ನ ವರ್ಗದವರು ಅಜ್ಞಾನ, ಸುಖಲೋಲುಪತೆ, ಆತ್ಮಹತ್ಯೆ, ಹೇಡಿತನ ಎಂಬ ನಾಲ್ಕು ದಾರಿಗಳಲ್ಲಿ ಒಂದನ್ನು ಹಿಡಿದಿದ್ದಾರೆಂದು ಅವನು ಕಂಡ. ಆದರೆ ಓದುಬರಹ ಬಾರದ ಕೋಟ್ಯಂತರ ರೈತರು ಇದೇ ಸಾವನ್ನು ತಿಳಿದೂ ದುಡಿಯುತ್ತಾರೆ, ನೋವನ್ನು ನುಂಗುತ್ತಾರೆ, ಗೋಳಾಡದೆ ಸಾಯುತ್ತಾರೆ ಎಂಬುದನ್ನು ಗಮನಿಸಿದ ಮೇಲೆ, ಪ್ರಶ್ನೆ ತಪ್ಪಾದದ್ದಲ್ಲ, ಪ್ರಶ್ನೆ ಕೇಳುವವನ ಬದುಕೇ ತಪ್ಪು ದಾರಿಯಲ್ಲಿದೆ ಎಂಬ ನಿಲುವಿಗೆ ಬಂದ. ಶ್ರದ್ಧೆ ಎಂದರೆ ಕಾಣದ್ದನ್ನು ಒಪ್ಪುವ ನಂಬಿಕೆಯಲ್ಲ, ಮನುಷ್ಯನನ್ನು ಬದುಕಿಸುವ ಶಕ್ತಿಯೇ ಶ್ರದ್ಧೆ ಎಂಬುದು ಅವನ ಚಿಂತನೆಯ ತಿರುಳು. ಇಲ್ಲಿಂದ ಮುಂದೆ ಅವನು ಯೇಸುವಿನ ಗಿರಿಪ್ರವಚನವನ್ನು ಆಧಾರವಾಗಿಟ್ಟುಕೊಂಡು, ಪವಾಡಗಳನ್ನೂ ತ್ರಿಯೇಕತ್ವವನ್ನೂ ಕೈಬಿಟ್ಟು, ಕೇಡನ್ನು ಬಲಪ್ರಯೋಗದಿಂದ ಎದುರಿಸಬಾರದೆಂಬ ನಿಯಮವನ್ನು ಧರ್ಮದ ನಡುಗಂಬವಾಗಿಸಿದ. ಫಲವಾಗಿ 1901ರಲ್ಲಿ ರಷ್ಯದ ಆರ್ಥಡಾಕ್ಸ್ ಚರ್ಚು ಅವನನ್ನು ಹೊರಹಾಕಿತು.

ಪ್ರೀತಿಯ ಎರಡು ಮುಖ

ಪ್ರೀತಿಯ ವಿಷಯದಲ್ಲಿ ಕಾದಂಬರಿಕಾರ ಟಾಲ್‌ಸ್ಟಾಯ್ ಮತ್ತು ಬೋಧಕ ಟಾಲ್‌ಸ್ಟಾಯ್ ಒಬ್ಬರನ್ನೊಬ್ಬರು ಒಪ್ಪುವುದಿಲ್ಲ. ‘ಅನ್ನಾ ಕರೆನಿನಾ’ದಲ್ಲಿ ಮೋಹದಿಂದ ಸುಟ್ಟುಹೋಗುವ ಅನ್ನಾಳನ್ನು ಅವನು ಖಂಡಿಸಲು ಕುಳಿತು ಕೊನೆಗೆ ಅವಳ ನೋವಿಗೆ ಮನಸೋಲುತ್ತಾನೆ, ಅದೇ ಕಾದಂಬರಿಯ ಲೆವಿನ್, ಆತ್ಮಕ್ಕಾಗಿ ಬದುಕುವ ಮುದುಕನೊಬ್ಬನ ಬಗ್ಗೆ ಫ್ಯೋದರ್ ಎಂಬ ರೈತ ಆಡಿದ ಮಾತಿನಿಂದ ತನ್ನ ಹುಡುಕಾಟಕ್ಕೆ ದಾರಿ ಕಾಣುತ್ತಾನೆ. 1889ರ ‘ಕ್ರಾಯಿಟ್ಸರ್ ಸೊನಾಟಾ’ ಎಂಬ ಕಿರುಕಾದಂಬರಿಯ ವೇಳೆಗೆ ದಾಂಪತ್ಯವೇ ಪತನವೆಂಬಷ್ಟು ಅವನ ನಿಲುವು ಕಠಿಣವಾಗಿತ್ತು, ಇದು ಅವನ ಚಿಂತನೆಯ ಅತ್ಯಂತ ದುರ್ಬಲ ಭಾಗವೆಂದೇ ಹೇಳಬೇಕು; ಹದಿಮೂರು ಮಕ್ಕಳನ್ನು ಹೆತ್ತ ಹೆಂಡತಿ ಸೋಫಿಯಾ ಅದರ ಕೈಬರಹವನ್ನು ಓದಿ ನೊಂದದ್ದು ಸಹಜ. ಇದಕ್ಕೆ ವ್ಯತಿರಿಕ್ತವಾಗಿ ‘ಮನುಷ್ಯರು ಯಾತರಿಂದ ಬದುಕುತ್ತಾರೆ’ (1881) ಎಂಬ ಕಥೆಯಲ್ಲಿ, ಚಳಿಯಲ್ಲಿ ಬತ್ತಲೆ ಬಿದ್ದವನನ್ನು ಮನೆಗೆ ಕರೆತರುವ ಬಡ ಚಮ್ಮಾರ ಮತ್ತು ಮೊದಲು ಗೊಣಗಿದರೂ ಕಡೆಗೆ ಉಳಿದೊಂದು ರೊಟ್ಟಿಯನ್ನು ಮುಂದಿಡುವ ಅವನ ಹೆಂಡತಿಯ ಮೂಲಕ, ಪ್ರೀತಿ ಎಂದರೆ ಎದುರಿಗಿರುವವನ ಅಗತ್ಯಕ್ಕೆ ಓಗೊಡುವುದು ಎಂಬ ಸರಳ ತಿಳಿವಳಿಕೆಯನ್ನು ಅವನು ಸಾಧಿಸಿದ್ದಾನೆ.

ಭಾರತದ ಕೊಂಡಿ

1908ರ ಡಿಸೆಂಬರಿನಲ್ಲಿ ಭಾರತದ ಕ್ರಾಂತಿಕಾರಿ ತಾರಕನಾಥ ದಾಸ್ ಅವರ ಪತ್ರಕ್ಕೆ ಉತ್ತರವಾಗಿ ಟಾಲ್‌ಸ್ಟಾಯ್ ಬರೆದ ‘ಹಿಂದೂ ಒಬ್ಬನಿಗೆ ಪತ್ರ’ವು, ಕೋಟಿಗಟ್ಟಲೆ ಜನ ಒಂದು ವ್ಯಾಪಾರಿ ಕಂಪನಿಗೆ ಅಡಿಯಾಳಾದದ್ದು ತಾವೇ ಹಿಂಸೆಯ ನಿಯಮವನ್ನು ಒಪ್ಪಿಕೊಂಡದ್ದರಿಂದ ಎಂದು ವಾದಿಸಿತು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ ಅದನ್ನು ಗುಜರಾತಿಗೆ ಅನುವಾದಿಸಿ ಪ್ರಕಟಿಸಿದರು. 1909–10ರಲ್ಲಿ ಇಬ್ಬರ ನಡುವೆ ಪತ್ರವ್ಯವಹಾರ ನಡೆಯಿತು. 1910ರಲ್ಲಿ ಜೊಹಾನ್ಸ್‌ಬರ್ಗ್ ಬಳಿ ಸತ್ಯಾಗ್ರಹಿ ಕುಟುಂಬಗಳಿಗಾಗಿ ತೆರೆದ ನೆಲೆಗೆ ಟಾಲ್‌ಸ್ಟಾಯ್ ಫಾರ್ಮ್ ಎಂದೇ ಹೆಸರಾಯಿತು. ಪ್ರತಿಯೊಬ್ಬನೂ ತನ್ನ ಅನ್ನಕ್ಕೆ ತಾನೇ ಮೈಮುರಿದು ದುಡಿಯಬೇಕೆಂಬ ತತ್ತ್ವವನ್ನು ಬೊಂದರೆವ್ ಎಂಬ ರಷ್ಯನ್ ರೈತನಿಂದ ಟಾಲ್‌ಸ್ಟಾಯ್, ಟಾಲ್‌ಸ್ಟಾಯ್‌ನಿಂದ ಗಾಂಧೀಜಿ ಪಡೆದರು. 1918ರ ಮೇ ತಿಂಗಳಲ್ಲಿ ಮುಂಬಯಿ ಪ್ರಾಂತಿಕ ಪರಿಷತ್ತಿಗಾಗಿ ಗಾಂಧೀಜಿ ಆಗ ಬಿಜಾಪುರವೆನಿಸಿದ್ದ ವಿಜಯಪುರಕ್ಕೆ ಬಂದು ಮಾತಾಡಿದ್ದರಿಂದ, ಈ ಚಿಂತನೆಯನ್ನು ಮೈಗೂಡಿಸಿಕೊಂಡ ಮನುಷ್ಯನೊಬ್ಬನ ಪ್ರತ್ಯಕ್ಷ ದರ್ಶನ ಈ ಊರಿಗಾದದ್ದು ಆ ವರ್ಷ ಎನ್ನಬಹುದು.

ಕಾಖಂಡಕಿಯ ಮಹಿಪತಿದಾಸರು

ಈಗ ಬಬಲೇಶ್ವರ ತಾಲೂಕಿಗೆ ಸೇರಿರುವ ಕಾಖಂಡಕಿಯ ಮಹಿಪತಿದಾಸರ (1611–1681) ಬಾಳು ಟಾಲ್‌ಸ್ಟಾಯ್‌ನ ತಿರುವನ್ನು ಎರಡು ಶತಮಾನ ಮುಂಚೆಯೇ ಕಂಡಂಥದು. ವಿಜಯಪುರದ ಆದಿಲಶಾಹಿ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮಹಿಪತಿರಾಯರ ಮುದ್ರೆಯುಂಗುರವನ್ನು ಶಾಹನುಂಗ ಎಂಬ ಫಕೀರ ಕೇಳಿ ಪಡೆದು ಕೋಟೆಯ ಕಂದಕದ ನೀರಿಗೆ ಎಸೆದನೆಂದೂ, ಅವರು ಕಳವಳಗೊಂಡಾಗ ಅದೇ ನೀರಿನಿಂದ ಹಿಡಿಗಟ್ಟಲೆ ಉಂಗುರಗಳನ್ನು ತೆಗೆದು ನಿನ್ನದು ಯಾವುದೋ ಆರಿಸಿಕೋ ಎಂದನೆಂದೂ ಐತಿಹ್ಯವಿದೆ. ಪವಾಡವನ್ನು ಬದಿಗಿಟ್ಟರೂ ಕಥೆಯ ಮೊನೆ ಸ್ಪಷ್ಟವಾಗಿದೆ: ಸರಕಾರದ ಅಧಿಕಾರವೆಲ್ಲ ಅಡಗಿದ್ದ ಆ ಮುದ್ರೆ, ತನ್ನಂಥ ನೂರರಲ್ಲಿ ಒಂದಾದ ಕ್ಷಣ ಅದರ ಬೆಲೆ ಕಳೆದುಕೊಳ್ಳುತ್ತದೆ. ಸಮಾರಾದ ಮುನ್ನೂರು ಕುದುರೆಗಳು ಟಾಲ್‌ಸ್ಟಾಯ್‌ಗೆ ತಂದ ವಿರಕ್ತಿಯೂ ಇದೇ ಜಾತಿಯದು. ಮಹಿಪತಿರಾಯರು ಹತ್ತಿರದ ಸಾರವಾಡದ ಭಾಸ್ಕರಸ್ವಾಮಿಗಳನ್ನು ಗುರುವಾಗಿ ಪಡೆದು, ಕಾಖಂಡಕಿಯಲ್ಲಿ ನೆಲೆನಿಂತು, ಕನ್ನಡದ ಜತೆಗೆ ಮರಾಠಿಯಲ್ಲೂ ದಖನಿ ಭಾಷೆಯಲ್ಲೂ ಪದಗಳನ್ನು ಹಾಡಿದರು. ಹರಿದಾಸ ಸಾಹಿತ್ಯದ ಸಾಲಿನಲ್ಲಿ ನಿಂತರೂ ಅವರ ಪದಗಳಲ್ಲಿ ಯೋಗ ಮತ್ತು ಅದ್ವೈತದ ದನಿ ಗಟ್ಟಿಯಾಗಿದೆ.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೆಂದರೆ ಮಹಿಪತಿದಾಸರು ಹುದ್ದೆ ಬಿಟ್ಟರೂ ಮನೆ ಬಿಡಲಿಲ್ಲ. ಅವರ ಮಗ ಕೃಷ್ಣರಾಯರು ತಂದೆಯನ್ನೇ ಗುರುವೆಂದು ಭಾವಿಸಿ ‘ಗುರುಮಹಿಪತಿ’ ಎಂಬ ಅಂಕಿತದಲ್ಲಿ (ಕೀರ್ತನೆಯ ಕೊನೆಗೆ ಬರುವ ಮುದ್ರಿಕೆಯೇ ಅಂಕಿತ) ಹಾಡಿದರು. ಟಾಲ್‌ಸ್ಟಾಯ್‌ಗೆ ಈ ಭಾಗ್ಯ ದೊರೆಯಲಿಲ್ಲ. ಆಸ್ತಿ ಪಾಪವೆಂದು ಬೋಧಿಸುತ್ತ ಜಹಗೀರಿನ ಮನೆಯಲ್ಲೇ ಉಳಿದು, ಕೃತಿಗಳ ಹಕ್ಕುಸ್ವಾಮ್ಯದ ವಿಷಯದಲ್ಲಿ ಹೆಂಡತಿಯೊಂದಿಗೆ ವರ್ಷಗಟ್ಟಲೆ ಜಗಳವಾಡಿ, ಕಡೆಗೆ ಎಂಬತ್ತೆರಡನೆಯ ವಯಸ್ಸಿನಲ್ಲಿ ಇರುಳಲ್ಲಿ ಮನೆ ತೊರೆದು ಹೊರಟ ಅವನು ಅಸ್ತಾಪೊವೊ ಎಂಬ ಸಣ್ಣ ರೈಲು ನಿಲ್ದಾಣದ ಅಧಿಕಾರಿಯ ಮನೆಯಲ್ಲಿ 1910ರ ನವೆಂಬರ್ 20ರಂದು ತೀರಿಕೊಂಡ. ಸಂಸಾರದ ನಡುವೆ ಸಂನ್ಯಾಸವನ್ನು ತರಹೋದಾಗ ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಸೋಫಿಯಾಳ ದಿನಚರಿಗಳು ಹೇಳುತ್ತವೆ, ಟಾಲ್‌ಸ್ಟಾಯ್‌ನ ಪ್ರಬಂಧಗಳು ಹೇಳುವುದಿಲ್ಲ.

ಬೀಸುಕಲ್ಲಿನ ಶ್ರದ್ಧೆ

ದುಡಿಯುವವರ ಬದುಕಿನಲ್ಲಿ ಶ್ರದ್ಧೆ ಹೇಗಿರುತ್ತದೆ ಎಂದು ಟಾಲ್‌ಸ್ಟಾಯ್ ಹೊರಗಿನಿಂದ ನೋಡಿದ. ವಿಜಯಪುರ ಸೀಮೆಯಲ್ಲಿ ಆ ಶ್ರದ್ಧೆಯ ಒಳದನಿಯೇ ಹಾಡಾಗಿ ಉಳಿದಿದೆ. ನಗರದ ಹೊರಗಣ ಶಾಹಪುರ ದಿಬ್ಬದಲ್ಲಿ ನೆಲೆಸಿದ್ದ ಚಿಸ್ತಿ ಸೂಫಿ ಮನೆತನದ ಪರಂಪರೆಗೆ ಸೇರಿದ ‘ಚಕ್ಕಿನಾಮಾ’, ‘ಚರಖಾನಾಮಾ’ ಎಂಬ ದಖನಿ ಹಾಡುಗಳು, ಹಿಟ್ಟು ಬೀಸುವ, ನೂಲು ತೆಗೆಯುವ ಹೆಂಗಸರ ಬಾಯಲ್ಲಿ ಹರಡಿದವು. ಬೀಸುಕಲ್ಲಿನ ಗೂಟ ನೆಟ್ಟಗೆ ನಿಂತ ‘ಅಲಿಫ್’ ಅಕ್ಷರದಂತೆ ದೇವರ ಗುರುತಾಗಿ, ಕಲ್ಲು ತಿರುಗುವ ನಡುಗೂಟ ಪ್ರವಾದಿಯ ಗುರುತಾಗಿ ಆ ಹಾಡುಗಳಲ್ಲಿ ಬರುತ್ತವೆ. ಇತಿಹಾಸಕಾರ ರಿಚರ್ಡ್ ಈಟನ್ ಈ ಸಾಹಿತ್ಯವನ್ನು ವಿವರವಾಗಿ ಅಭ್ಯಾಸ ಮಾಡಿದ್ದಾನೆ. ಕನ್ನಡದ ಬೀಸುವ ಪದಗಳನ್ನು ಜಿಲ್ಲೆಯ ಉತ್ತರ ಭಾಗದ ಹಲಸಂಗಿಯ ಗೆಳೆಯರ ಗುಂಪು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿತು. ಆ ಗುಂಪಿನ ಮಧುರಚೆನ್ನರು (1903–1953) ತಮ್ಮ ಹರೆಯದ ಸಂಶಯ, ನಿರೀಶ್ವರ ಭಾವ, ಕತ್ತಲೆ ಮತ್ತು ಅದರಾಚೆಯ ಬೆಳಕನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಆತ್ಮವೃತ್ತಾಂತಗಳಲ್ಲಿ ಬರೆದರು. ಟಾಲ್‌ಸ್ಟಾಯ್‌ನ ‘ಆತ್ಮನಿವೇದನೆ’ಗೆ ಕನ್ನಡದಲ್ಲಿ ಹತ್ತಿರದ ಸಾಟಿ ಹುಡುಕುವವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಇವನ್ನೇ. ಟಾಲ್‌ಸ್ಟಾಯ್‌ನನ್ನು ರೈತರ ಶ್ರದ್ಧೆ ಎಚ್ಚರಿಸಿದರೆ, ಮಧುರಚೆನ್ನರು ಹಳ್ಳಿಯ ಹಾಡುಗಳ ನಡುವೆಯೇ ಇದ್ದು ಯೋಗಿ ಅರವಿಂದರ ಕಡೆಗೆ ಹೊರಳಿದರು.

ಹಳಕಟ್ಟಿಯವರು ಮತ್ತು ಕಾಯಕದ ಮಾತು

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಹನ್ನೆರಡನೆಯ ಶತಮಾನದ ಶರಣರ ವಚನಗಳ ಓಲೆಗರಿಗಳನ್ನು ಮನೆಮನೆಯಿಂದ ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಶರಣರು ಹೇಳಿದ ಕಾಯಕ, ಅಂದರೆ ದೇವರಿಗೆ ಅರ್ಪಿತವಾದ ಪ್ರಾಮಾಣಿಕ ದೈಹಿಕ ದುಡಿಮೆ, ಟಾಲ್‌ಸ್ಟಾಯ್‌ನ ಅನ್ನದ ದುಡಿಮೆಗಿಂತ ಹಳೆಯದು ಮಾತ್ರವಲ್ಲ, ಹೆಚ್ಚು ನೇರವಾದದ್ದು. ಏಕೆಂದರೆ ಅದನ್ನು ಹೇಳಿದವರಲ್ಲಿ ಹಲವರು ಸ್ವತಃ ಚಮ್ಮಾರರು, ನೇಕಾರರು, ಅಂಬಿಗರು. ಯಾಸ್ನಾಯಾ ಪೊಲ್ಯಾನಾದ ಜಹಗೀರುದಾರ ಮಧ್ಯವಯಸ್ಸಿನ ಮೇಲೆ ಬೂಟು ಹೊಲಿಯಲು ಕಲಿತ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣ ದಂಪತಿಯ ಪ್ರಸಂಗ ಈ ತುಲನೆಗೆ ಬಹಳ ಒದಗುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಂದಿನ ದಾಸೋಹಕ್ಕೆ ಬೇಕಾದದ್ದಕ್ಕಿಂತ ಮಿಕ್ಕದ್ದು ಆಸೆಯ ಗುರುತೆಂದು ಹೇಳಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಟಾಲ್‌ಸ್ಟಾಯ್‌ನ ‘ಒಬ್ಬ ಮನುಷ್ಯನಿಗೆ ಎಷ್ಟು ಭೂಮಿ ಬೇಕು?’ (1886) ಕಥೆಯ ಪಖೋಮ್, ಸೂರ್ಯ ಮುಳುಗುವುದರೊಳಗೆ ಸುತ್ತಿ ಬಂದಷ್ಟು ನೆಲ ತನ್ನದೆಂಬ ಆಸೆಯಿಂದ ಓಡಿ ಓಡಿ ಸತ್ತು ಆರಡಿ ಗುಂಡಿ ಸೇರುತ್ತಾನೆ. ಅವನಿಗೆ ಸಾವು ಕಲಿಸಿದ್ದನ್ನು ಮಾರಯ್ಯನಿಗೆ ಹೆಂಡತಿ ಕಲಿಸಿದಳು. ದಾಂಪತ್ಯವನ್ನು ಸಾಧನೆಗೆ ಅಡ್ಡಿಯೆಂದು ಬಗೆದ ಮುಪ್ಪಿನ ಟಾಲ್‌ಸ್ಟಾಯ್‌ಗೂ, ಗಂಡಹೆಂಡಿರ ಕೂಡಿದ ಭಕ್ತಿಯನ್ನೇ ಮೇಲೆಂದ ಶರಣರಿಗೂ ಇರುವ ದೂರ ಇಲ್ಲಿ ಎದ್ದು ಕಾಣುತ್ತದೆ. ತುಬಚಿ–ಬಬಲೇಶ್ವರ ಏತ ನೀರಾವರಿಯ ಬಳಿಕ ಒಣಬೇಸಾಯದ ಹೊಲಗಳ ದರ ಏರಿದ ಈ ಸೀಮೆಯಲ್ಲಿ ಪಖೋಮ್‌ನ ಕಥೆಗೆ ಟಿಪ್ಪಣಿ ಬೇಕಾಗದು.

ಬಿಜ್ಜರಗಿಯಿಂದ ಜ್ಞಾನಯೋಗಾಶ್ರಮಕ್ಕೆ

ಇತ್ತೀಚಿನ ಕಾಲದಲ್ಲಿ ಈ ಪ್ರಶ್ನೆಗಳನ್ನು ಸಾಮಾನ್ಯ ಜನರ ನಡುವೆ ಜೀವಂತವಾಗಿಟ್ಟವರು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಈಗಿನ ತಿಕೋಟಾ ತಾಲೂಕಿನ ಬಿಜ್ಜರಗಿಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮಲ್ಲಿಕಾರ್ಜುನ ಸ್ವಾಮಿಗಳ ಶಿಷ್ಯರಾಗಿ, ಕೊಲ್ಹಾಪುರದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದಿದ ಅವರು, ಗುರುಗಳ ಪ್ರವಚನಗಳನ್ನು ‘ಸಿದ್ಧಾಂತ ಶಿಖಾಮಣಿ’ ಎಂಬ ಗ್ರಂಥವಾಗಿ ಅಣಿಗೊಳಿಸಿದಾಗ ಇನ್ನೂ ತರುಣರು. ಉಪನಿಷತ್ತು, ಗೀತೆ, ಪತಂಜಲಿಯ ಯೋಗಸೂತ್ರ, ಅಲ್ಲಮನ ವಚನ ಇವುಗಳನ್ನು ಹೊಲ, ಮಳೆ, ಗಿಡ, ಹಕ್ಕಿಗಳ ಮಾತಿನಲ್ಲಿ ಬಿಡಿಸಿ ಹೇಳುವ ಅವರ ಪ್ರವಚನಗಳು ತಿಂಗಳುಗಟ್ಟಲೆ ಊರೂರುಗಳಲ್ಲಿ ನಸುಕಿನಲ್ಲೇ ನಡೆಯುತ್ತಿದ್ದವು, ಹೇಳಿದ ಗಳಿಗೆಗೆ ಸರಿಯಾಗಿ ಆರಂಭವಾಗುತ್ತಿದ್ದವು. ಕಾವಿಯುಡದೆ ಬಿಳಿಯ ಬಟ್ಟೆಯಲ್ಲೇ ಇದ್ದ ಅವರ ಅಂಗಿಗೆ ಜೇಬಿರಲಿಲ್ಲ; 2018ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಪದ್ಮಶ್ರೀ ಪ್ರಶಸ್ತಿಯನ್ನು, ಸಂನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ವಿನಯದಿಂದ ಒಲ್ಲೆನೆಂದರು. ಟಾಲ್‌ಸ್ಟಾಯ್‌ನ ಶ್ರದ್ಧೆ ಅಪರಾಧಪ್ರಜ್ಞೆಯಿಂದ ಹುಟ್ಟಿದ್ದು, ಹಾಗಾಗಿ ಅವನ ಬೋಧೆಯಲ್ಲಿ ಸದಾ ಒಂದು ಬಿಗುವು, ತನ್ನನ್ನು ತಾನು ಹಳಿದುಕೊಳ್ಳುವ ಗಡಸುತನ ಇದೆ. ಸ್ವಾಮೀಜಿಯವರ ಮಾತಿನಲ್ಲಿ ಜಗತ್ತು ಸೊಗಸಾದದ್ದು, ಅದನ್ನು ತನ್ನದಾಗಿಸಿಕೊಳ್ಳದೆ ನೋಡಿ ಸಂತೋಷಪಡಬೇಕು ಎಂಬ ಹಗುರತನವಿದೆ.

ಸಾವಿನ ವಿಚಾರದಲ್ಲಿ ಮಾತ್ರ ಇಬ್ಬರ ನಿಲುವು ಆಶ್ಚರ್ಯವೆನಿಸುವಷ್ಟು ಹತ್ತಿರ ಬರುತ್ತದೆ. ಟಾಲ್‌ಸ್ಟಾಯ್ ತನ್ನ ದಿನಚರಿಯಲ್ಲಿ, ಅಗ್ಗದ ಪೆಟ್ಟಿಗೆ ಸಾಕು, ಹೂವು ಬೇಡ, ಭಾಷಣ ಬೇಡ, ಸಾಧ್ಯವಾದರೆ ಪಾದ್ರಿಗಳಿಲ್ಲದೆ ಹೂಳಬೇಕೆಂದು ಬರೆದಿದ್ದ; ಶಿಲುಬೆಯಿಲ್ಲದ ಅವನ ಸಮಾಧಿ ಯಾಸ್ನಾಯಾ ಪೊಲ್ಯಾನಾದ ಕಾಡಿನಲ್ಲಿ ಇಂದಿಗೂ ಬರಿ ಹುಲ್ಲು ಮುಚ್ಚಿದ ದಿಬ್ಬ. ಸಿದ್ಧೇಶ್ವರ ಸ್ವಾಮೀಜಿ 2014ರ ಗುರುಪೂರ್ಣಿಮೆಯಂದು ಬರೆದಿಟ್ಟ ಪತ್ರದಲ್ಲಿ, ದೇಹವನ್ನು ಮಣ್ಣಿನಲ್ಲಿ ಇಡದೆ ಅಗ್ನಿಗೆ ಕೊಡಬೇಕು, ಶ್ರಾದ್ಧಕರ್ಮ ಬೇಡ, ಚಿತಾಭಸ್ಮವನ್ನು ನದಿಗೋ ಕಡಲಿಗೋ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ತಿಳಿಸಿದ್ದರು. ವಿರಕ್ತರಿಗೆ ಸಮಾಧಿ ಕಟ್ಟುವುದು, ಆ ಸಮಾಧಿಯೇ ಗದ್ದುಗೆಯಾಗಿ ಪೂಜೆಗೊಳ್ಳುವುದು ರೂಢಿಯಾಗಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. 2023ರ ಜನವರಿ 2ರಂದು ಅವರು ತೀರಿಕೊಂಡ ಮರುದಿನ ನಗರವೆಲ್ಲ ಜನಸಾಗರವಾಗಿದ್ದರೂ ಆಶ್ರಮದ ಆವರಣದಲ್ಲಿ ಅಂತ್ಯಕ್ರಿಯೆ ಆ ಪತ್ರದಂತೆಯೇ ನಡೆಯಿತು.

ಎರಡು ಪರಂಪರೆಗಳು ಬೇರ್ಪಡುವ ಎಡೆ

ಕನ್ನಡ ಸಾಹಿತ್ಯ ಟಾಲ್‌ಸ್ಟಾಯ್‌ನನ್ನು ಮೊದಲಿನಿಂದಲೂ ಋಷಿಯ ಸಾಲಿನಲ್ಲಿ ಇಟ್ಟುಕೊಂಡಿದೆ. ಮಾಸ್ತಿಯವರ ‘ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜ ವೃಕ್ಷಗಳು’ ಎಂಬ ಕಥೆಯ ಹೆಸರೇ ಅದಕ್ಕೆ ಸಾಕ್ಷಿ, ದೇ. ಜವರೇಗೌಡರು ಅವನ ದೊಡ್ಡ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಮುಂದೆ ಓ. ಎಲ್. ನಾಗಭೂಷಣ ಸ್ವಾಮಿಯವರು ‘ಯುದ್ಧ ಮತ್ತು ಶಾಂತಿ’ಯನ್ನು ಹೊಸದಾಗಿ ಅನುವಾದಿಸಿದರು. ಆದರೆ ಮಹರ್ಷಿ ಎಂಬ ಗೌರವದಲ್ಲಿ ಅವನ ಚಿಂತನೆಯ ಖಾರದ ಭಾಗ ಮರೆಯಾಗುವ ಅಪಾಯವಿದೆ. ಟಾಲ್‌ಸ್ಟಾಯ್‌ಗೆ ಪ್ರೀತಿ ಎಂದರೆ ಅಂತಃಕರಣದ ಮೃದುತ್ವ ಮಾತ್ರವಲ್ಲ. ‘ದೇವರ ರಾಜ್ಯ ನಿಮ್ಮೊಳಗಿದೆ’ (1894) ಎಂಬ ಗ್ರಂಥದಲ್ಲಿ ಅವನು ಪ್ರೀತಿಯ ನಿಯಮವನ್ನು ಒಪ್ಪಿದವನು ಸೈನ್ಯಕ್ಕೆ ಸೇರಬಾರದು, ನ್ಯಾಯಾಲಯದಲ್ಲಿ ತೀರ್ಪುಗಾರನಾಗಬಾರದು, ಸರಕಾರದ ಹಿಂಸೆಗೆ ತೆರಿಗೆಯ ಬೆಂಬಲವನ್ನೂ ಕೊಡಬಾರದು ಎಂಬಲ್ಲಿಯವರೆಗೆ ಹೋಗುತ್ತಾನೆ. ಯುದ್ಧಕ್ಕೆ ಹೋಗಲೊಲ್ಲದೆ ಆಯುಧಗಳನ್ನು ಸುಟ್ಟ ದುಖೊಬೊರ್ ಪಂಥದ ರೈತರು ಕೆನಡಾಕ್ಕೆ ವಲಸೆ ಹೋಗಲು ಅವನು ‘ಪುನರುತ್ಥಾನ’ (1899) ಕಾದಂಬರಿಯ ಸಂಭಾವನೆಯನ್ನು ಕೊಟ್ಟುಬಿಟ್ಟ. ವಿಜಯಪುರ ಸೀಮೆಯ ಪರಂಪರೆಯಲ್ಲಿ ಬಸವಾದಿ ಶರಣರು ಜಾತಿಯ ಕಟ್ಟನ್ನು ಎದುರಿಸಿದ್ದು ಬಿಟ್ಟರೆ, ಮಹಿಪತಿದಾಸರಿಂದ ಸಿದ್ಧೇಶ್ವರ ಸ್ವಾಮೀಜಿಯವರವರೆಗೆ ಅನುಭಾವಿಗಳು ಅರಮನೆಯಿಂದ, ಪ್ರಶಸ್ತಿಯಿಂದ ದೂರ ಸರಿದರೇ ಹೊರತು ಅರಮನೆಯ ಹಕ್ಕನ್ನೇ ಪ್ರಶ್ನಿಸಲಿಲ್ಲ. ಒಬ್ಬೊಬ್ಬರ ಮನಸ್ಸು ತಿಳಿಯಾದರೆ ಊರು ತಾನಾಗಿ ತಿಳಿಯಾದೀತೆಂಬುದು ಅವರ ಭರವಸೆ. ಊರಿನ ಕಟ್ಟಳೆಯೇ ಮನಸ್ಸನ್ನು ಕೆಡಿಸುತ್ತಿರುವಾಗ ಅದರಿಂದ ಕೈ ತೆಗೆಯದವನ ಮನಸ್ಸು ತಿಳಿಯಾಗಲಾರದೆಂಬುದು ಟಾಲ್‌ಸ್ಟಾಯ್‌ನ ಪಟ್ಟು.